ಮುಂದೂಡಲು ಎರಡನ್ನು ಒತ್ತಿ

ನಮ್ಮ ಮಾವನವರ ಅಂತ್ಯಕ್ಕೆ ಆರ್ಡರ್ ಕೊಟ್ಟವನು ನಾನೇ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಕೈಯಲ್ಲೇ ಮಾಡಿದ ಒಳ್ಳೇ ಮಾಲು, ಬಣ್ಣ ನಾನೇ ಆರಿಸಿದ್ದು, ಎಷ್ಟು ಬಳಸಿದರೂ ಅಕ್ಷರ ಅಳಿಸುವುದಿಲ್ಲ ಅಂತ ಗ್ಯಾರಂಟಿ ಬೇರೆ. ಆದರೆ ನಮ್ಮ ಬೀದಿಯ ಜನ ಹೇಳಿಕೊಂಡು ತಿರುಗುತ್ತಾರಲ್ಲ, ಮನೆಅಳಿಯ ಮಾವನ ಮೇಲೆ ಸುಪಾರಿ ಕೊಟ್ಟ ಅಂತ, ಅದು ಮಾತ್ರ ಅಪ್ಪಟ ಸುಳ್ಳು. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಆಮೇಲೆ ಬೈಯುವವರು ಸಾಲಾಗಿ ಬನ್ನಿ, ನೂಕಾಡಬೇಡಿ.

ನಾನು ನೀರಿನ ಪಂಪು ತಯಾರಿಸುವ ಕಂಪನಿಯಲ್ಲಿ ದೂರು ವಿಭಾಗದ ಗುಮಾಸ್ತ. ಪಂಪು ಕೊಂಡವರು ಬಾಯಿಗೆ ಬಂದ ಹಾಗೆ ಬೈದು ಬರೆಯುತ್ತಾರೆ, ನಾನು ದಿನವಿಡೀ ಕೂತು ಉತ್ತರ ಕುಟ್ಟುತ್ತೇನೆ. 'ತಮ್ಮ ತಾಳ್ಮೆಗೆ ಧನ್ಯವಾದಗಳು' ಅಂತ ಶುರು ಮಾಡಿ, 'ನಮ್ಮ ದಾಖಲೆಗಳ ಪ್ರಕಾರ ತಪ್ಪು ತಮ್ಮ ಕಡೆಯಿಂದಲೇ ಆಗಿರುತ್ತದೆ' ಅಂತ ಮುಗಿಸಿದರೆ ಮುಕ್ಕಾಲು ಪಾಲು ಜನ ಸುಸ್ತಾಗಿ ಸುಮ್ಮನಾಗುತ್ತಾರೆ. ದಾಖಲೆ ಅಂತ ನಮ್ಮಲ್ಲಿ ಏನೂ ಇಲ್ಲ. ಇರುವುದು ಒಂದು ಕಪಾಟು, ಅದರಲ್ಲಿ ಮ್ಯಾನೇಜರ್ ತಮ್ಮ ಛತ್ರಿ ಇಡುತ್ತಾರೆ.

ಹೀಗೆ ಕುಟ್ಟಿ ಕುಟ್ಟಿ ನನ್ನ ಕೀಬೋರ್ಡಿನ ಅಕ್ಷರಗಳೆಲ್ಲ ಸವೆದು, ಯಾವ ಕೀಲಿ ಯಾವುದು ಅಂತ ಬೆರಳಿಗೆ ಮಾತ್ರ ಗೊತ್ತಿತ್ತು. ಅಷ್ಟರಲ್ಲಿ ಪಕ್ಕದ ಮೇಜಿಗೆ ಹೊಸ ಅಕೌಂಟೆಂಟಮ್ಮ ಬಂದರು. ಬರುವಾಗಲೇ ಮನೆಯಿಂದ ಸ್ವಂತ ಕೀಬೋರ್ಡ್ ತಂದರು. ಅದರ ಒಂದೊಂದು ಕೀಲಿಯ ತಲೆಯ ಮೇಲೂ ತಿಳಿ ಹಸಿರು ಬಣ್ಣದ ನುಣ್ಣನೆ ಟೋಪಿ. ಅದಕ್ಕೆ ಕೀಕ್ಯಾಪ್ ಅನ್ನುತ್ತಾರಂತೆ. ಬೇಕೆಂದಾಗ ತೆಗೆದು ಬೇರೆ ಹಾಕಿಕೊಳ್ಳಬಹುದಂತೆ. ಒತ್ತಿದರೆ ಟೊಕ್ ಟೊಕ್ ಅಂತ ಎಷ್ಟು ಗಂಭೀರವಾಗಿ ಕೇಳುತ್ತಿತ್ತು ಅಂದರೆ, ಆ ಶಬ್ದದಲ್ಲಿ ಬರೀ ದಿನಸಿ ಪಟ್ಟಿ ಮಾಡಿದರೂ ಸರ್ಕಾರಿ ಆದೇಶದ ಹಾಗೆ ಇರುತ್ತಿತ್ತು. ಇಡೀ ಆಫೀಸು ಅವರ ಮೇಜಿನ ಸುತ್ತ ನೆರೆಯಿತು. ನಾನೂ ಕತ್ತು ಉದ್ದ ಮಾಡಿ ನೋಡಿ, "ಇದಕ್ಕೆಲ್ಲ ಯಾಕಮ್ಮ ಇಷ್ಟೊಂದು?" ಅಂದೆ.

"ಇದು ಕಸ್ಟಮ್ ಸರ್. ನಿಮಗೆ ಅರ್ಥ ಆಗಲ್ಲ ಬಿಡಿ," ಅಂದರು.

ಅರ್ಥ ಆಗಲ್ಲ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ 'ಬಿಡಿ' ಇದೆಯಲ್ಲ, ಅದು ಸೀದಾ ಎದೆಗೆ ನಾಟಿತು. ಅವತ್ತೇ ಹುಡುಕಿದೆ. ಮೃದುಸ್ಪರ್ಶ ಅಂತ ಒಂದು ಸಂಸ್ಥೆ ಸಿಕ್ಕಿತು. ನಾವು ಹೇಳಿದ ಬಣ್ಣ, ನಾವು ಹೇಳಿದ ಭಾಷೆ, ನಾವು ಹೇಳಿದ ಮಾತು, ಎಲ್ಲ ಕೈಯಲ್ಲೇ ಎರಕ ಹೊಯ್ದು ಕೊಡುತ್ತಾರಂತೆ. ಅಕ್ಷರದ ಕೀಲಿಗಳು ಹೇಗೂ ಕನ್ನಡದಲ್ಲಿ ಇರುತ್ತವೆ, ಉಳಿದ ದೊಡ್ಡ ಕೀಲಿಗಳ ಮೇಲೆ ಏನು ಬರೆಯಲಿ ಅಂತ ಕೇಳಿದರು. ಕೇಳಿದ್ದೇ ತಪ್ಪಾಯಿತು. ನಾನು ನಿಘಂಟು ಮುಂದಿಟ್ಟುಕೊಂಡು ಕೂತೆ. ಎಂಟರ್ ಅನ್ನುವುದಕ್ಕೆ 'ಪ್ರವೇಶ', ಎಸ್ಕೇಪ್‌ಗೆ 'ಪಲಾಯನ', ಡಿಲೀಟ್‌ಗೆ 'ನಿರ್ಮೂಲನ', ಹೋಮ್‌ಗೆ 'ಸ್ವಗೃಹ'. ಸಾಲಿನ ತುದಿಗೆ ಹಾರುವ ಎಂಡ್ ಅನ್ನುವ ಕೀಲಿಗೆ 'ಅಂತ್ಯ'. ಸೀದಾ ಸಾದಾ 'ಕೊನೆ' ಅಂತ ಬರೆಸಿದ್ದರೆ ಈ ರಾಮಾಯಣವೇ ಇರುತ್ತಿರಲಿಲ್ಲ. ಆದರೆ ಕೊನೆ ಅಂದರೆ ಅಕೌಂಟೆಂಟಮ್ಮ ಬೆರಗಾಗುತ್ತಾರಾ? ಇಲ್ಲ.

ಪಾರ್ಸೆಲ್ ಆಫೀಸಿಗೆ ಬಂತು. ಮರದ ಪೆಟ್ಟಿಗೆ, ಒಳಗೆ ತೆಳು ಕಾಗದ, ಅದರ ಮೇಲೆ 'ತಮ್ಮ ಬೆರಳುಗಳಿಗೆ ನಮ್ಮ ನಮನ' ಅಂತ ಒಂದು ಕಾರ್ಡು. ನನ್ನ ಬೆರಳುಗಳಿಗೆ ಹುಟ್ಟಿದಾಗಿನಿಂದ ಯಾರೂ ನಮಸ್ಕಾರ ಮಾಡಿರಲಿಲ್ಲ. ಕಣ್ಣು ತುಂಬಿ ಬಂತು. ಎಲ್ಲರೂ ನೋಡುತ್ತಿದ್ದ ಹಾಗೆ ಒಂದೊಂದಾಗಿ ಕೂರಿಸಿದೆ. ಕೂರಿಸಿ ಮುಗಿಸಿದರೆ ಒಂದು ಜಾಗ ಖಾಲಿ. 'ನಿರ್ಮೂಲನ' ಎರಡು ಬಂದಿದೆ, 'ಅಂತ್ಯ' ಬಂದೇ ಇಲ್ಲ. ಮುಂದಿನ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

"ಒಂದು ನಿರ್ಮೂಲನ ಜಾಸ್ತಿ ಇದೆಯಲ್ಲ ಸರ್, ಯಾರಿಗೆ?" ಅಂದರು ಅಕೌಂಟೆಂಟಮ್ಮ. ಅಷ್ಟು ಸಾಲದು ಅಂತ ಮ್ಯಾನೇಜರ್ ಬಂದು, "ಸ್ವಂತದ ಪಾರ್ಸೆಲ್ ಇನ್ಮೇಲೆ ಆಫೀಸಿಗೆ ಬರಕೂಡದು," ಅಂತ ಅಪ್ಪಣೆ ಮಾಡಿದರು. ನಾನು ಮೃದುಸ್ಪರ್ಶಕ್ಕೆ ದೂರು ಬರೆದೆ. ಅಂತ್ಯವನ್ನು ಹೊಸದಾಗಿ ಮಾಡಿ ಕಳಿಸುತ್ತೇವೆ, ಮನೆ ವಿಳಾಸ ಕೊಡಿ ಅಂದರು. ಮನೆ ವಿಳಾಸ ಅಂದ ಕೂಡಲೇ ಕೀಬೋರ್ಡಿನಿಂದ ಕೈ ಹಿಂದೆಳೆದೆ.

ಯಾಕೆ ಅಂದರೆ ಮನೆ ನಮ್ಮ ಮಾವನವರದು. ನಾನು ಆ ಮನೆಯ ಅಳಿಯ, ಮನೆಯಲ್ಲೇ ಇರುವ ಅಳಿಯ. ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅವರು ಅಂಗಡಿ ಬೀದಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ಸಮಕ್ಕೆ ಬಂದು ನಿಲ್ಲುತ್ತಿದ್ದವಂತೆ. ಅತ್ತೆ ತೀರಿಕೊಂಡ ಮೇಲಂತೂ ಹಾಲ್‌ನಲ್ಲಿ ಹಳೇ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುವವರಲ್ಲ. ಮನೆಯೊಳಗೆ ಒಂದು ಸೂಜಿ ಬಂದರೂ ಮೂರು ಪ್ರಶ್ನೆ. ಎಷ್ಟು? ಯಾಕೆ? ಇದಿಲ್ಲದೆ ಇದ್ರೆ ಸಾಯ್ತಿದ್ರಾ? ಒಂದು ಸಲ ನಾನು ಕೊಂಡ ಬಾಚಣಿಗೆಯನ್ನು ವಾಪಸ್ ಕೊಡಿಸಿದ್ದರು, ಕೂದಲು ಉದುರುತ್ತಿರುವವನಿಗೆ ಹೊಸ ಬಾಚಣಿಗೆ ಯಾಕೆ ಅಂತ.

ಗೇಟಿನ ಬೋರ್ಡಿನಲ್ಲಿರುವುದು ಮಾವನವರ ಹೆಸರೊಂದೇ. ಬೇರೆ ಹೆಸರಿಗೆ ಬಂದದ್ದನ್ನು ಕೊರಿಯರ್‌ನವರು ಹಾಗೇ ವಾಪಸ್ ಒಯ್ಯುತ್ತಾರೆ. ಅದಕ್ಕೇ ಜಾಣತನ ಮಾಡಿ ಮಾವನವರ ಹೆಸರು, ಹಾಲ್‌ನ ಫೋನ್ ನಂಬರು ಕೊಟ್ಟೆ. ಬಂದಾಗ ಹೆಂಡತಿ ತೆಗೆದುಕೊಂಡರೆ, ಆಫೀಸಿನ ಸಾಮಾನು ಅಂತ ಹೇಳಿ ಜೇಬಿಗಿಳಿಸಿದರಾಯಿತು ಅಂತ ಲೆಕ್ಕ ಹಾಕಿದೆ.

ಇಲ್ಲಿಂದ ಮುಂದೆ ನಡೆದದ್ದು ನನಗೆ ತಿಳಿದದ್ದು ತುಂಬ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ನಾನೊಬ್ಬ ಒದ್ದಾಡಿದ್ದು ಸಾಕು.

ಒಂದು ಮಧ್ಯಾಹ್ನ ಹಾಲ್‌ನ ಫೋನು ಹೊಡೆದುಕೊಂಡಿತು. ಮಾವ ಎತ್ತಿದರು. ಜೇನು ಸುರಿದಂಥ ಒಂದು ಹೆಣ್ಣು ಧ್ವನಿ, ಮಾವನವರ ಹೆಸರನ್ನು ಇನಿಷಿಯಲ್ ಸಮೇತ ಕರೆದು ಹೇಳಿತು: "ಗೌರವಾನ್ವಿತರೇ, ನಮಸ್ಕಾರ. ಇದು ಮೃದುಸ್ಪರ್ಶದಿಂದ ಕರೆ. ತಮ್ಮ ಅಂತ್ಯ ಸಿದ್ಧವಾಗಿದೆ. ಇಷ್ಟು ತಡವಾದದ್ದಕ್ಕೆ ಕ್ಷಮೆ ಇರಲಿ. ಅಂತ್ಯವನ್ನು ನಾಳೆಯೇ ಸ್ವೀಕರಿಸಲು ಒಂದನ್ನು ಒತ್ತಿ. ಒಂದು ವಾರ ಮುಂದೂಡಲು ಎರಡನ್ನು ಒತ್ತಿ."

ಮಾವ "ಯಾರ್ರೀ ಅದು?" ಅಂತ ಗದರಿದರು. ಧ್ವನಿ ಒಂದಿಷ್ಟೂ ಅಳುಕಲಿಲ್ಲ. ಅದೇ ಜೇನು, ಅದೇ ಗೌರವ, ಮತ್ತೆ ಮೊದಲಿಂದ ಹೇಳಿತು. ಊರಿನ ಅಂಗಡಿಯವರನ್ನೆಲ್ಲ ನಡುಗಿಸಿದ ಮನುಷ್ಯ ಬದುಕಿನಲ್ಲಿ ಮೊದಲ ಸಲ ತಮ್ಮ ಗದರಿಕೆಗೆ ಜಗ್ಗದವರನ್ನು ಕಂಡರು. ಎರಡನ್ನು ಒತ್ತಿದರು. ಒತ್ತಿದ್ದು ಸರಿಯಾಗಿ ಬಿತ್ತೋ ಇಲ್ಲವೋ ಅಂತ ಇನ್ನೊಂದು ಸಲ ಒತ್ತಿದರು. "ತಮ್ಮ ಕೋರಿಕೆ ಮನ್ನಿಸಲಾಗಿದೆ, ಶುಭದಿನ," ಅಂದು ಧ್ವನಿ ನಿಂತಿತು.

ಮಾರನೇ ವಾರ ಮತ್ತೆ ಬಂತು. ಮತ್ತೆ ಎರಡು. ಅದರ ಮುಂದಿನ ವಾರವೂ ಎರಡು. ತಾವು ಮನೆಯಲ್ಲಿ ಇಲ್ಲದಿದ್ದರೆ ಪಕ್ಕದವರಿಗೆ ಒಪ್ಪಿಸಲಾಗುವುದು ಅಂತ ಆ ಸಲ ಧ್ವನಿ ಹೊಸದಾಗಿ ಸೇರಿಸಿತ್ತು. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುತ್ತಾರೆ? ಸಾವಿಗೆ ಹೆದರಿದೆ ಅಂತ ಮಗಳ ಮುಂದೆ ಬಾಯಿಬಿಡುವ ಪೈಕಿ ಅಲ್ಲ ಅವರು. ಹೇಳುವ ಬದಲು ಒಳ್ಳೆಯವರಾಗತೊಡಗಿದರು. ನಮ್ಮ ಮನೆಯಲ್ಲಿ ನಡುಕ ಶುರುವಾದದ್ದೇ ಅಲ್ಲಿಂದ.

ಒಂದು ಬೆಳಿಗ್ಗೆ ಪೇಪರ್ ನನ್ನ ಕಡೆ ಚಾಚಿ, "ಅಳಿಯಂದಿರೇ, ಮೊದಲು ನೀವು ಓದಿ," ಅಂದರು. ನನ್ನ ಕೈಯಲ್ಲಿದ್ದ ಗಾಜಿನ ಲೋಟ ಜಾರಿತು. ಒಡೆದ ಲೋಟಕ್ಕೆ ಈಗ ಪೂಜೆ ಆಗುತ್ತೆ ಅಂತ ಕಣ್ಣು ಮುಚ್ಚಿಕೊಂಡು ಕಾದೆ. "ಹೋಗ್ಲಿ ಬಿಡಿ, ಲೋಟ ಇವತ್ತು ಇರುತ್ತೆ, ನಾಳೆ ಹೋಗುತ್ತೆ. ನಾವೇನು ಶಾಶ್ವತವೇ?" ಅಂದರು. ನಾನು ಸೀದಾ ಅಡುಗೆಮನೆಗೆ ಓಡಿದೆ.

ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಯಾವ ಸಮಸ್ಯೆ ಬಂದರೂ ಮೊದಲು ರಕ್ತ ತೆಗೆಯುತ್ತಾಳೆ. ಅಪ್ಪನದ್ದೂ ತೆಗೆದಳು. ಸಂಜೆ ರಿಪೋರ್ಟ್ ಹಿಡಿದು ನನ್ನನ್ನು ಮೂಲೆಗೆ ಕರೆದಳು.

"ರೀ, ಸಕ್ಕರೆ ಸರಿಯಾಗಿದೆ, ಉಪ್ಪು ಸರಿಯಾಗಿದೆ, ಕಿಡ್ನಿ ಗಟ್ಟಿಯಾಗಿದೆ. ಮತ್ತೆ ಈ ಒಳ್ಳೇತನ ಎಲ್ಲಿಂದ ಬಂತು ಅಂತ?"

"ವಯಸ್ಸಾಯ್ತಲ್ಲ, ಮಾಗಿರಬಹುದು."

"ನಮ್ಮಪ್ಪ ಮಾಗೋದಾ? ನನ್ನ ಮದುವೇಲಿ ಹೂವಿನ ಹಾರ ತೂಕ ಹಾಕಿ ತಗೊಂಡವರು ರೀ ಅವರು. ನನಗೆ ಭಯ ಆಗ್ತಿದೆ."

ಭಯ ಬೀದಿಗೂ ಹಬ್ಬಿತು. ಮಾವ ಒಂದು ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಾವು ಸರ್ವೀಸಿನಲ್ಲಿದ್ದಾಗ ದಂಡ ಹಾಕಿದ ಅಂಗಡಿಗಳಿಗೆಲ್ಲ ಕ್ಷಮೆ ಕೇಳಲು ಹೊರಟರು. ದಿನಸಿ ಅಂಗಡಿಯವನು ಇವರು ತಿರುವಿನಲ್ಲಿ ಬರುವುದನ್ನು ಕಂಡೇ ಬಾಗಿಲೆಳೆಯಲು ನೋಡಿದ. ಮಾವ ಕೈ ಅಡ್ಡ ಹಿಡಿದರು.

"ಒಂದು ಮಾತು ಹೇಳಿ ಹೋಗ್ತೀನಪ್ಪ," ಅಂದರು.

"ಸರ್, ತಕ್ಕಡಿ ಸರಿಯಾಗಿದೆ ಸರ್! ಕಲ್ಲೂ ಸರಿಯಾಗಿದೆ! ಬೇಕಾದ್ರೆ ನನ್ನನ್ನೇ ಕೂರಿಸಿ ತೂಗಿ!"

"ನನ್ನಿಂದ ಏನಾದ್ರೂ ನೋವಾಗಿದ್ರೆ ಕ್ಷಮಿಸಿಬಿಡು."

ಅಂಗಡಿಯವನು ಅಲ್ಲೇ ಮೂಟೆಯ ಮೇಲೆ ಕುಸಿದು ಕೂತ. ಇಷ್ಟು ವರ್ಷದ ಮೇಲೆ ಇನ್ಸ್‌ಪೆಕ್ಟರ್ ಕ್ಷಮೆ ಕೇಳುತ್ತಾರೆ ಅಂದರೆ ಇದು ಯಾವುದೋ ಹೊಸ ಥರದ ರೇಡ್ ಇರಬೇಕು ಅಂತ ಬೀದಿಗೆಲ್ಲ ಸುದ್ದಿ ಹೋಯಿತು. ಅವತ್ತಿಂದ ಒಂದು ವಾರ ನಮ್ಮ ಬೀದಿಯಲ್ಲಿ ಒಂದು ಕಿಲೋ ಕೇಳಿದರೆ ಒಂದೂಕಾಲು ಕಿಲೋ ಕೊಡುತ್ತಿದ್ದರು.

ಆಮೇಲೆ ಎದುರುಮನೆ ಹೆಡ್‌ಮಿಸ್ ನನ್ನನ್ನು ಹಿಡಿದರು. ಅವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಇಡೀ ಬೀದಿಯನ್ನು ಇನ್ನೂ ಎರಡನೇ ಕ್ಲಾಸು ಅಂತಲೇ ತಿಳಿದುಕೊಂಡಿದ್ದಾರೆ. ಗೇಟಿನ ಹತ್ತಿರ ನಿಲ್ಲಿಸಿ, "ನಿಮ್ಮ ಮಾವನಿಗೆ ಏನು ಬರೋದಿದೆ?" ಅಂದರು.

"ಏನು ಬರೋದಿದೆ ಮೇಡಂ?" ಅಂದೆ.

"ನನ್ನನ್ನೇ ಕೇಳ್ತೀರಲ್ಲ! ನಿನ್ನೆ ಮನೆಗೆ ಬಂದು ಕೈ ಮುಗಿದ್ರು. 'ನಾನು ಮನೇಲಿ ಇಲ್ಲದಿದ್ರೆ ಪಕ್ಕದವರಿಗೆ ಒಪ್ಪಿಸ್ತಾರಂತೆ. ನನ್ನ ಹೆಸರಿಗೆ ಏನೇ ಬಂದರೂ ದಯವಿಟ್ಟು ನೀವು ತಗೋಬೇಡಿ. ನಿಮಗಿನ್ನೂ ವಯಸ್ಸಿದೆ' ಅಂದ್ರು. ನನಗೆ ಎಪ್ಪತ್ತೆರಡು ಕಣ್ರೀ! ನನಗಿನ್ನೂ ವಯಸ್ಸಿದೆ ಅಂತ ಯಾರಾದ್ರೂ ಹೇಳಿದ್ರೆ ಸಂತೋಷ ಆಗ್ಬೇಕು. ಆದ್ರೆ ಅವರು ಹೇಳಿದ ರೀತಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ."

ನನಗೆ ಆಗ ತಲೆಗೆ ಹೊಳೆದದ್ದು ಒಂದೇ. ಹೆಸರಿಗೆ ಬರೋದು ಅಂದರೆ ಪಾರ್ಸೆಲ್! ಮಾವನಿಗೆ ಕೀಕ್ಯಾಪ್ ವಿಷಯ ಗೊತ್ತಾಗಿಬಿಟ್ಟಿದೆ. ಗೊತ್ತಾಗಿಯೂ ಬೈಯುತ್ತಿಲ್ಲ. ಪೇಪರ್ ಕೊಟ್ಟು, ಲೋಟ ಒಡೆದರೂ ಹೋಗ್ಲಿ ಬಿಡಿ ಅಂದು, ಒಳ್ಳೇತನದಿಂದಲೇ ನನ್ನನ್ನು ಇಂಚಿಂಚಾಗಿ ಅರೆಯುತ್ತಿದ್ದಾರೆ. ಆ ಹಾಳು ಪಾರ್ಸೆಲ್ ಬೇಗ ಬಂದು, ಒಂದು ಸಲ ಬೈಸಿಕೊಂಡು ಮುಗಿದರೆ ಸಾಕು ಅನ್ನಿಸಿತು. ಆಫೀಸಿಗೆ ಹೋದವನೇ ಮೃದುಸ್ಪರ್ಶಕ್ಕೆ ಫೋನ್ ಹಚ್ಚಿದೆ. ಅವರಲ್ಲಿ ದೂರು ವಿಭಾಗ ಅನ್ನುವುದಿಲ್ಲ, 'ಗ್ರಾಹಕರ ಆನಂದ ವಿಭಾಗ' ಅನ್ನುತ್ತಾರೆ.

"ಆನಂದ ವಿಭಾಗ, ಹೇಳಿ ಸರ್," ಅಂತು ಒಂದು ಗಂಡು ಧ್ವನಿ.

"ಅಂತ್ಯ ಇನ್ನೂ ಬಂದಿಲ್ಲ ರೀ!"

"ತಮ್ಮ ತಾಳ್ಮೆಗೆ ಧನ್ಯವಾದಗಳು ಸರ್."

ನನ್ನ ಮಾತನ್ನು ನನಗೇ ಹೇಳುತ್ತಿದ್ದಾನೆ! ಮೈ ಉರಿದುಹೋಯಿತು. "ತಾಳ್ಮೆ ಮುಗೀತು. ಯಾಕೆ ಬಂದಿಲ್ಲ, ಅದು ಹೇಳಿ," ಅಂದೆ.

"ಸರ್, ನಮ್ಮ ದಾಖಲೆಗಳ ಪ್ರಕಾರ ತಮ್ಮ ಕಡೆಯಿಂದಲೇ ಪ್ರತಿ ವಾರ ಮುಂದೂಡ್ತಾ ಇದ್ದಾರೆ. ಎರಡು ಒತ್ತಿದ್ದಾರೆ ಸರ್. ಕೆಲವು ಸಲ ಐದಾರು ಬಾರಿ ಒತ್ತಿದ್ದಾರೆ."

ನೋಡಿ, ಇಲ್ಲೇ ನಾನು ಕೆಟ್ಟದ್ದು. ಬೇರೆ ಯಾರೇ ಆಗಿದ್ದರೂ, ಯಾರಪ್ಪ ಒತ್ತಿದ್ದು ಅಂತ ಒಂದು ಕ್ಷಣ ಯೋಚನೆ ಮಾಡುತ್ತಿದ್ದರು. ಆದರೆ 'ನಮ್ಮ ದಾಖಲೆಗಳ ಪ್ರಕಾರ' ಅನ್ನುವ ಮಾತನ್ನು ಇಷ್ಟು ವರ್ಷ ನಾನೇ ಕುಟ್ಟಿ ಕುಟ್ಟಿ ಕಳಿಸಿದವನು. ಅದರ ಹಿಂದೆ ಛತ್ರಿ ಬಿಟ್ಟು ಬೇರೇನೂ ಇರುವುದಿಲ್ಲ ಅಂತ ನನಗೆ ಗೊತ್ತಿಲ್ಲವೇ?

"ಏನ್ರೀ, ನನಗೇ ಕಥೆ ಕಟ್ತೀರಾ? ಒಂದೂ ಬೇಡ, ಎರಡೂ ಬೇಡ. ಇನ್ನೊಂದು ಸಲ ಮುಂದೂಡಿದ್ರೆ ನಾನು ಸುಮ್ನಿರಲ್ಲ. ಯಾರು ಏನೇ ಅಂದ್ರೂ ಕೇಳ್ಬೇಡಿ. ಈ ಗುರುವಾರ ಅಂತ್ಯ ಆಗ್ಲೇಬೇಕು!" ಅಂತ ಕೂಗಿದೆ.

ಫೋನ್ ಇಟ್ಟು ತಿರುಗಿದರೆ ಅಕೌಂಟೆಂಟಮ್ಮ ಕುರ್ಚಿ ಸಮೇತ ಗೋಡೆಯ ಕಡೆ ಸರಿದಿದ್ದರು.

ನನ್ನ ಕೂಗಿನ ಫಲ ಮಾವನವರ ಕಿವಿಗೆ ಬಿತ್ತು. ಅದೇ ಜೇನಿನ ಧ್ವನಿ, ಈ ಸಲ ಬೇರೆ ಮಾತು: "ಗೌರವಾನ್ವಿತರೇ, ಆರ್ಡರ್ ನೀಡಿದವರ ಒತ್ತಾಯದ ಮೇರೆಗೆ ತಮ್ಮ ಅಂತ್ಯವನ್ನು ಮುಂದೂಡುವ ಸೌಲಭ್ಯ ರದ್ದಾಗಿದೆ. ನಮ್ಮ ಸಿಬ್ಬಂದಿ ಗುರುವಾರ ಬೆಳಿಗ್ಗೆ ತಮ್ಮ ಮನೆಗೆ ಬರುತ್ತಾರೆ. ಗುರುತಿನ ಚೀಟಿ ಸಿದ್ಧವಾಗಿಡಿ. ಒಮ್ಮೆ ಸ್ವೀಕರಿಸಿದ ಅಂತ್ಯವನ್ನು ಹಿಂದಿರುಗಿಸಲಾಗದು." ಮಾವ ಎರಡು ಒತ್ತಿದರು. ಒತ್ತಿದರು, ಒತ್ತಿದರು, ಒತ್ತುತ್ತಲೇ ಇದ್ದರು. ಲೈನು ಯಾವಾಗಲೋ ಕಟ್ಟಾಗಿತ್ತು.

ಬುಧವಾರ ಸಂಜೆ ನಾನು ಮನೆಗೆ ಬಂದರೆ ಸೋಫಾದ ಮೇಲೆ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಕೂತಿದ್ದಾರೆ. ಎರಡು ಕೆನ್ನೆ ತುಂಬಿ ಉಳಿಯುವಷ್ಟು ಮೀಸೆ, ಹಾಗಾಗಿ ಊರವರಿಗೆಲ್ಲ ಅವರು ಮೀಸೆಯಪ್ಪ. ಅಪ್ಪ ಕೊನೆಗೂ ಬಾಯಿಬಿಟ್ಟದ್ದು ಕೇಳಿ ಅವರನ್ನು ಕರೆಸಿದ್ದ ಹೆಂಡತಿ ಬಾಗಿಲ ಮರೆಯಲ್ಲಿ ಅಳುತ್ತಿದ್ದಾಳೆ. ಮಾವ ನನ್ನನ್ನು ಹತ್ತಿರ ಕರೆದು, ಮೊದಲ ಕರೆಯಿಂದ ಕೊನೆಯ ಕರೆಯವರೆಗೆ ಒಂದು ಅಕ್ಷರ ಬಿಡದೆ ಹೇಳಿದರು.

"ಹೆಸರೇ ಮೃದುಸ್ಪರ್ಶ ಅಂತೆ ಅಳಿಯಂದಿರೇ. ನೋವಾಗದ ಹಾಗೆ ಮಾಡೋ ಪೈಕಿ ಅಂತ ಕಾಣುತ್ತೆ," ಅಂದರು.

ಕಾಲ ಕೆಳಗೆ ನೆಲ ಇದೆಯೋ ಇಲ್ಲವೋ ಅಂತ ನೋಡಿಕೊಂಡೆ. ಈಗಲೇ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮೀಸೆಯಪ್ಪ ಗಂಟಲು ಸರಿಮಾಡಿಕೊಂಡರು.

"ಇಂಥ ಕೇಸಲ್ಲಿ ಆರ್ಡರ್ ಕೊಟ್ಟವನು ಹೊರಗಿನವನಾಗಿರಲ್ಲ ಸ್ವಾಮಿ. ಮನೆಯವನೇ. ನನ್ನ ಸರ್ವೀಸಲ್ಲಿ ಎಷ್ಟೋ ನೋಡಿದೀನಿ. ಸಾಮಾನ್ಯವಾಗಿ ಅಳಿಯ ಇರ್ತಾನೆ. ಅದರಲ್ಲೂ ಮನೆಅಳಿಯ ಇದ್ರೆ ನಾವು ಬೇರೆಯವರನ್ನ ವಿಚಾರಿಸೋದೇ ಇಲ್ಲ. ಸಿಗ್ಲಿ ನನ್ನ ಮಗ, ಚರ್ಮ ಸುಲೀತೀನಿ."

"ಬಾಯಿ ಮುಚ್ರೀ!" ಅಂತ ಮಾವ ಗುಡುಗಿದರು. ಎಷ್ಟೋ ದಿನದ ಮೇಲೆ ಕೇಳಿದ ಹಳೇ ಗುಡುಗು. "ಇವರ ಮೇಲೆ ಅನುಮಾನ ಪಟ್ರೆ ನಾಲಿಗೆ ಬಿದ್ದುಹೋದೀತು. ಒಂದು ಬಲ್ಬ್ ಹಾಕೋಕೂ ನನ್ನನ್ನ ಕೇಳೋ ಮನುಷ್ಯ. ನನ್ನ ಅಂತ್ಯಕ್ಕೆ ನನ್ನನ್ನೇ ಕೇಳದೆ ಆರ್ಡರ್ ಕೊಡ್ತಾರಾ?"

ಈ ಮಾತಾದ ಮೇಲೆ ಯಾವ ಗಂಡಸಿಗೆ ಬಾಯಿ ಬರುತ್ತದೆ ಹೇಳಿ. ಆದರೂ ಧೈರ್ಯ ಮಾಡಿ "ಮಾವ, ಅದು ಕೀ... ಕೀ..." ಅಂದೆ.

"ಕೀ ಏನು?" ಅಂದರು ಮೀಸೆಯಪ್ಪ, ಲಾಠಿಯನ್ನು ತೊಡೆಯ ಮೇಲೆ ಉರುಳಿಸುತ್ತಾ.

"ಕಿ... ಕಿಟಕಿ. ಕಿಟಕಿ ಹಾಕ್ಲಾ? ಗಾಳಿ ಬರ್ತಿದೆ."

ಗುರುವಾರ ಬೆಳಿಗ್ಗೆ ಹಾಲ್ ತುಂಬಿತ್ತು. ಬೀದಿಯ ತಿರುವಿನಲ್ಲೇ ಕೊರಿಯರ್‌ನವರನ್ನು ತಡೆದು ಪೊಟ್ಟಣ ಕಸಿದುಕೊಳ್ಳುವುದು ಅಂತ ನಾನು ಉಪಾಯ ಮಾಡಿಕೊಂಡಿದ್ದೆ. ಹಾಲು ತರ್ತೀನಿ ಅಂತ ಎದ್ದೆ. "ಕೂತ್ಕೊಳ್ಳಿ," ಅಂದರು ಮಾವ. ಪೇಪರ್ ತರ್ತೀನಿ ಅಂದೆ. "ಎಲ್ಲಿಗೂ ಹೋಗ್ಬೇಡಿ. ನನ್ನ ಪಕ್ಕದಲ್ಲೇ ಇರಿ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ," ಅಂತ ನನ್ನ ಕೈ ಹಿಡಿದುಕೊಂಡರು. ಅವರು ಬಿಳಿ ಶರ್ಟು ಹಾಕಿಕೊಂಡು, ತೊಡೆಯ ಮೇಲೆ ಗುರುತಿನ ಚೀಟಿ ಇಟ್ಟುಕೊಂಡು ಕೂತಿದ್ದರು. ಹೆಂಡತಿ ರಜೆ ಹಾಕಿ ಬಿಪಿ ಮೆಷಿನ್ ತಂದಿದ್ದಳು. ಗಾಬರಿಯಲ್ಲಿ ಪಟ್ಟಿಯನ್ನು ಅಪ್ಪನ ತೋಳಿಗೆ ಕಟ್ಟುವ ಬದಲು ನನ್ನ ತೋಳಿಗೆ ಕಟ್ಟಿ, ಅಂಕಿ ನೋಡಿ "ಅಯ್ಯೋ ಅಪ್ಪಾ, ನೀವು ಹೊರಟೇಬಿಟ್ರಾ!" ಅಂತ ಚೀರಿದಳು. ಎದುರುಮನೆ ಹೆಡ್‌ಮಿಸ್ ತಮ್ಮ ಹಳೇ ಬೆತ್ತ ಹಿಡಿದು ಬಂದಿದ್ದರು. ಮೀಸೆಯಪ್ಪ ಬಾಗಿಲ ಹಿಂದೆ ಅಡಗಿದ್ದರು, ಮೀಸೆ ಮಾತ್ರ ಈಚೆಗೆ ಕಾಣುತ್ತಿತ್ತು.

ಹೊರಗೆ ಬೈಕು ನಿಂತಿತು. ಗೇಟು ಕಿರ್ ಅಂತು. ತೆರೆದ ಬಾಗಿಲಲ್ಲಿ ಒಂದು ಆಕೃತಿ ಬಂದು ನಿಂತಿತು. ತಲೆಯಿಂದ ಕಾಲವರೆಗೆ ಕರಿ ಜಾಕೆಟ್ಟು, ಮುಖ ಮುಚ್ಚಿದ ಕರಿ ಹೆಲ್ಮೆಟ್ಟು. ಹೆಲ್ಮೆಟ್ಟಿನ ಒಳಗಿಂದ ಒಂದು ಹೆಣ್ಣು ಧ್ವನಿ ಬಂತು.

"ಅಂತ್ಯ ಯಾರಿಗ್ರೀ? ಬೇಗ ತಗೊಳ್ಳಿ, ಈ ಬೀದೀಲೇ ಇನ್ನೂ ನಾಲ್ಕು ಮನೆ ಇದೆ."

ಇನ್ನೂ ನಾಲ್ಕು ಮನೆ ಅಂದದ್ದು ಕೇಳಿ ಹೆಡ್‌ಮಿಸ್ ಬೆತ್ತ ಬಿಟ್ಟು ಗೋಡೆಗೆ ಒರಗಿದರು. ಮೀಸೆಯಪ್ಪ "ಹಿಡಿ!" ಅಂತ ಕೂಗಿ, ಹಿಡಿಯಲು ಬೇರೆ ಯಾರೂ ಇಲ್ಲದ್ದು ನೆನಪಾಗಿ ತಾವೇ ಹಾರಿದರು. ಕಾಲೊರಸು ಜಾರಿತು. ಆ ಹೆಣ್ಣುಮಗಳು ಕಳ್ಳ ಅಂತ ತಿಳಿದು ಪಾರ್ಸೆಲ್ ಚೀಲದಿಂದ ಅವರ ಬೆನ್ನಿಗೆ ಎರಡು ಬಾರಿಸಿದಳು. ಈ ಗದ್ದಲದಲ್ಲಿ ಅವಳ ಕೈಯಲ್ಲಿದ್ದ ಪುಟ್ಟ ಪೊಟ್ಟಣ ನನಗೆ ಕಂಡಿತು. ಇನ್ನು ತಡೆಯಲಾಗಲಿಲ್ಲ.

"ಅದು ನಂದು! ಬಿಡಿ, ಅಂತ್ಯ ನಂದು! ನನಗೆ ಕೊಡಿ!" ಅಂತ ಕಿರುಚಿಕೊಂಡು ಮುಂದೆ ನುಗ್ಗಿದೆ.

"ಬೇಡ ಅಳಿಯಂದಿರೇ!" ಹಿಂದಿನಿಂದ ಮಾವನವರ ಕೂಗು ಕೇಳಿತು. "ನೀವಿನ್ನೂ ಚಿಕ್ಕವರು! ನನ್ನ ಮಗಳ ಗತಿ ಏನು?" ಮಂಡಿನೋವಿನ ಮನುಷ್ಯ ಅದು ಹೇಗೆ ಬಂದರೋ, ನನ್ನನ್ನು ಪಕ್ಕಕ್ಕೆ ದಬ್ಬಿ, ಎದೆ ಸೆಟೆಸಿ ಆ ಕರಿ ಹೆಲ್ಮೆಟ್ಟಿನ ಮುಂದೆ ನಿಂತರು. "ನನ್ನ ಹೆಸರಿಗೆ ಬಂದಿರೋದು. ನಾನೇ ತಗೋತೀನಿ. ಇವರನ್ನ ಮುಟ್ಟಬೇಡ."

"ಯಾರಾದ್ರೂ ತಗೊಳ್ಳಿ ಸ್ವಾಮಿ, ಒಂದು ಸಹಿ ಹಾಕಿ," ಅಂದಳು ಅವಳು.

ಮಾವ ಸಹಿ ಹಾಕಿದರು. ಪೊಟ್ಟಣ ಹರಿದರು. ಅಂಗೈಗೆ ಕೀಲಿಯ ಟೋಪಿಯೊಂದು ಬಿತ್ತು. ಕಡುನೀಲಿ ಬಣ್ಣ, ಬಿಳಿ ಅಕ್ಷರ, ಅಂಚು ಬೆಣ್ಣೆಯ ಹಾಗೆ. ಮಾಲು ನಿಜಕ್ಕೂ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ನಾನು ನೆಲಕ್ಕೆ ಕುಕ್ಕರಿಸಿ ಎಲ್ಲ ಹೇಳಿದೆ. ಟೋಪಿ, ನಿಘಂಟು, ಹೆಸರು, ನಂಬರು, ಗುರುವಾರ. ಮೊದಲು ಯಾರಿಗೂ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ಹೆಂಡತಿ ಅಳುತ್ತಾ ನಗಲು ಶುರು ಮಾಡಿದವಳು ನಿಲ್ಲಿಸಲಾಗದೆ ಸೋಫಾದ ಮೇಲೆ ಬಿದ್ದುಕೊಂಡಳು. ಮೀಸೆಯಪ್ಪ ಬೆನ್ನು ತಿಕ್ಕಿಕೊಳ್ಳುತ್ತಾ, ಇದು ಯಾವ ಸೆಕ್ಷನ್‌ಗೆ ಬರುತ್ತೆ ಅಂತ ತಮಗೆ ತಾವೇ ಗೊಣಗಿದರು. ಹೆಡ್‌ಮಿಸ್ ಟೋಪಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, "ಕೊನೆ ಅಂತ ಬರೆಸೋಕೆ ಏನಾಗಿತ್ರೀ ನಿಮಗೆ? ಏನು ದೊಡ್ಡ ಪಂಡಿತರಾ?" ಅಂತ ಬೆತ್ತ ಎತ್ತಿದರು. ಬೇಕಾದರೆ ಹೊಡೆಯಲಿ ಅಂತ ಕೈ ಚಾಚಿದೆ. ಹೊಡೆದರು ಕೂಡ.

ಮಾವ ಮಾತ್ರ ನಗಲಿಲ್ಲ. ಬೈಯಲೂ ಇಲ್ಲ. ಎಷ್ಟು, ಯಾಕೆ ಅಂತ ಕೇಳಲಿಲ್ಲ. ಟೋಪಿಯನ್ನು ಹೆಡ್‌ಮಿಸ್ ಕೈಯಿಂದ ವಾಪಸ್ ತೆಗೆದುಕೊಂಡು ತಮ್ಮ ರೂಮಿಗೆ ಹೋದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆಸಿದರು. ಹಾಸಿಗೆಯ ತುದಿಯಲ್ಲಿ ಕೂತಿದ್ದರು. ಅಷ್ಟು ಸಣ್ಣ ಮನುಷ್ಯ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಹಾಗಾದ್ರೆ, ನಾನು ಎರಡು ಒತ್ತಿದ್ದಕ್ಕೆ ಏನೂ ಆಗ್ಲಿಲ್ಲ ಅನ್ನಿ," ಅಂದರು.

"ಪಾರ್ಸೆಲ್ ತಡ ಆಯ್ತು ಮಾವ. ಅಷ್ಟೇ."

"ಅಷ್ಟೇ." ಟೋಪಿಯನ್ನು ಅಂಗೈಯಲ್ಲಿ ತೂಕ ನೋಡುವ ಹಾಗೆ ಮೇಲೆ ಕೆಳಗೆ ಮಾಡಿದರು. "ನಿಮ್ಮತ್ತೆಗೆ ಯಾರೂ ಫೋನ್ ಮಾಡಿರ್ಲಿಲ್ಲ. ಒಲೆ ಮುಂದೆ ನಿಂತಿದ್ಲು. ನಾನು ಏನೋ ಕೇಳಿದೆ, ಉತ್ತರ ಬರ್ಲಿಲ್ಲ ಅಂತ ರೇಗಿದೆ. ಎದ್ದು ಹೋಗಿ ನೋಡಿದ್ರೆ ಜೀವ ಇಲ್ಲ. ಈ ಸಲ ಪರವಾಗಿಲ್ಲ, ಮೊದಲೇ ಕೇಳ್ತಿದ್ದಾರೆ, ಮರ್ಯಾದೆಯಿಂದ ಕೇಳ್ತಿದ್ದಾರೆ, ಬೇಡ ಅಂದ್ರೆ ಹೋಗ್ತಿದ್ದಾರೆ ಅಂದ್ಕೊಂಡೆ. ಭಯ ಆಗ್ತಿತ್ತು, ಸುಳ್ಳು ಹೇಳಲ್ಲ. ಆದ್ರೂ ಒಂದು ಧೈರ್ಯ ಇತ್ತು. ಈಗ ನೀವು ಅದನ್ನೂ ಕಿತ್ಕೊಂಡ್ರಿ."

ಸಾವಿರಾರು ಜನರ ದೂರಿಗೆ ಉತ್ತರ ಬರೆದವನು ನಾನು. ಇದಕ್ಕೆ 'ತಮ್ಮ ತಾಳ್ಮೆಗೆ ಧನ್ಯವಾದಗಳು' ಅನ್ನಲಾದೀತೇ?

ಮಾವ ಎದ್ದರು. ಕಬ್ಬಿಣದ ಬೀರು ತೆಗೆದರು, ಒಳಗಿನ ಲಾಕರ್ ತೆಗೆದರು. ಟೋಪಿಯನ್ನು ಒಂದು ಬಿಳಿ ಕರ್ಚೀಫಿನಲ್ಲಿ ಸುತ್ತಿ ಅದರೊಳಗಿಟ್ಟು ಬೀಗ ಹಾಕಿದರು. ಬಿದ್ದಿದೆಯೋ ಇಲ್ಲವೋ ಅಂತ ಎರಡು ಸಲ ಎಳೆದು ನೋಡಿದರು.

"ನಿಮಗೆ ಇದು ಅರ್ಜೆಂಟಾಗಿ ಬೇಕಾ?" ಅಂದರು.

"ಇಲ್ಲ ಮಾವ. ಖಂಡಿತ ಬೇಡ."

"ನನ್ನ ಹೆಸರಿಗೆ ಬಂದಿರೋದು. ನನ್ನ ಹತ್ರಾನೇ ಇರ್ಲಿ," ಅಂತ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು.

ಹೊರಗೆ ಬಂದೆ. ಹೆಂಡತಿ ಇನ್ನೂ ನಗು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು? ಕೊಟ್ರಾ?" ಅಂದಳು.

"ಇಲ್ಲ," ಅಂದೆ. "ಇನ್ನೂ ಸ್ವಲ್ಪ ದಿನ ಇಟ್ಕೋತಾರಂತೆ."

ಅವಳ ನಗು ನಿಂತಿತು. ರೂಮಿನ ಕಡೆ ಒಂದು ಸಲ ನೋಡಿದಳು.

"ಇಟ್ಕೊಳ್ಳಲಿ ಬಿಡಿ," ಅಂದಳು. "ನೀವು ಕೇಳೋಕೆ ಹೋಗ್ಬೇಡಿ."